ಹಸಿರು ಬಳೆ, ಇಸ್ಪೀಟಿನ ಮೇಜು

ಗೋವಾದ ಜೂಜಿನ ಹಡಗಿಗೆ ಇಸ್ಪೀಟು ಹಂಚುವವರು ಬೇಕೆಂದು ಸ್ಟೇಶನ್ ಬಜಾರದ ಒಂದು ಲಾಡ್ಜಿನಲ್ಲಿ ಸಂದರ್ಶನವಿತ್ತು. ಹಡಗಿನವರು ಬಂದಿರಲಿಲ್ಲ, ಜನ ಹುಡುಕುವ ಗುತ್ತಿಗೆಯನ್ನು ಮುಂಬೈಯ ಕಂಪನಿಯೊಂದಕ್ಕೆ ಕೊಟ್ಟಿದ್ದರು. ಆರಿಸಿದವರನ್ನು ಅದೇ ಸಂಜೆಯ ರೈಲಿಗೆ ಹತ್ತಿಸುವ ಅವಸರ ಆ ಕಂಪನಿಯ ಸಾಹೇಬನಿಗೆ. ಸಂತೆಯಲ್ಲಿ ಕುರಿ ನೋಡಿದ ಹಾಗೆ ನಮ್ಮ ಹಲ್ಲು, ಎತ್ತರ, ಬೆರಳು ನೋಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು, ಆದರೂ ಸಾಲು ಬಿಡಲಿಲ್ಲ. ನಮ್ಮೂರು ಕಮಲಾಪುರದಲ್ಲಿ ಬಾಳೆಗೊನೆಯ ಲಾರಿ ಮೇಲಿನಿಂದ ಬಿದ್ದು ತೊಡೆ ಮುರಿದುಕೊಂಡ ಗಂಡ ಹಾಸಿಗೆ ಹಿಡಿದಿದ್ದ. ಈ ಕೆಲಸ ಸಿಕ್ಕರೆ ಮಾತ್ರ ಅವನಿಗೆ ಆಪರೇಷನ್.

ಜೊತೆಗೆ ಅತ್ತೆ ಬಂದಿದ್ದರು. ಮಾವ ತೀರಿಕೊಂಡಂದಿನಿಂದ ಅವರದು ಬಳೆಯಿಲ್ಲದ ಬರಿಗೈ.

ಹೂ ಕಟ್ಟಿ ಪಳಗಿದ ಕೈ ನನ್ನದು. ಇಸ್ಪೀಟಿನ ಎಲೆಗಳನ್ನು ಸರಸರ ಹಂಚಿದೆ. ಸಾಹೇಬ ಖುಷಿಯಾದ. ಆಮೇಲೆ ನನ್ನ ಹಸಿರು ಗಾಜಿನ ಬಳೆ ನೋಡಿ, ತೆಗಿ ಎಂದು ಹಿಂದಿಯಲ್ಲಿ ಹೇಳಿದ. ಎಲೆ ಬಚ್ಚಿಡದ ಹಾಗೆ ಮೊಣಕೈವರೆಗೂ ಬರಿದಾಗಿರಬೇಕಂತೆ!

“ಗಂಡ ಅದಾನ್ರೀ ಸಾಹೇಬ್ರ, ಬಳಿ ಹೆಂಗ ತೆಗೀಲ್ರಿ?” ಅಂದೆ.

ಅವನು ಸಾಲಿನಲ್ಲಿ ನನ್ನ ಹಿಂದೆ ನಿಂತವಳನ್ನು ಕೈಸನ್ನೆ ಮಾಡಿ ಕರೆದ.

ಅಯ್ಯೋ ಶಿವನೇ! ಬಳೆಗೆ ಕೈ ಹಾಕಿದೆ, ಮತ್ತೆ ಬಿಟ್ಟೆ. ತೆಗೆದ ಗಳಿಗೆಯಲ್ಲೇ ಊರಲ್ಲಿ ಗಂಡನಿಗೇನಾದರೂ ಆದರೆ?

“ಬ್ಯಾಡ್ರೀ ಅತ್ತಿ, ಮನಿಗಿ ಹೋಗೂನು ನಡೀರಿ.”

“ಸುಮ್ ಬಾ ಇಲ್ಲಿ,” ಎಂದು ಅತ್ತೆ ನನ್ನನ್ನು ನಲ್ಲಿಯ ಹತ್ತಿರ ಎಳೆದೊಯ್ದರು. ಮುಂಗೈಗೆ ಸೋಪು ಸವರಿ, ಉಸಿರು ಬಿಗಿಹಿಡಿದು ಒಂದೊಂದೇ ಬಳೆ ಜಾರಿಸಿದರು. ಒಂದೂ ಒಡೆಯಲಿಲ್ಲ. ಜಾರಿಸಿದ್ದನ್ನು ನೆಲಕ್ಕಿಡದೆ ತಮ್ಮ ಬರಿಗೈಗೆ ಏರಿಸಿಕೊಂಡರು. ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದರು.

“ಅತ್ತೀ, ಮಂದಿ ಏನಂದಾರು?”

“ಅನ್ಲಿ ಬಿಡು. ಮಂದಿ ಬಂದು ನನ್ನ ಮಗನ್ನ ಎಬ್ಬಸ್ತಾರೇನು? ನೀ ಬರೂತನಕ ಇವು ನನ್ನ ಕೈಯಾಗ ಇರ್ತಾವ. ಹೋಗು, ಎಲಿ ಹಂಚು.”

ನಾನು ಆಯ್ಕೆಯಾದೆ. ರೈಲಿಗೆ ಮುಂಚೆ ಅತ್ತೆಯನ್ನು ಕಮಲಾಪುರದ ಬಸ್ಸಿಗೆ ಹತ್ತಿಸಿದೆ. ಒಳಗೆ ತುಂಬ ನಮ್ಮೂರವರೇ. ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ನೋಡುತ್ತಿದ್ದಂತೆ ಅತ್ತೆ ಹಸಿರು ಬಳೆಯ ಕೈಯನ್ನು ಕಿಟಕಿಯ ಹೊರಗೆ ಚಾಚಿ ನನ್ನ ಗಲ್ಲ ಸವರಿದರು.