ಬಲಗಡೆಯಿಂದ ಕರೆದರೆ

ಎಂಬತ್ತರ ದಶಕದ ಮೊದಮೊದಲಲ್ಲಿ, ಹಳ್ಳಿಯ ಬಾಲವಾಡಿಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಬೆಳಗಾವಿಯ ಖಾಸಬಾಗದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು, ಖಾನಾಪುರದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಮದುವೆಯಾಗಿರಲಿಲ್ಲ, ಮಕ್ಕಳನ್ನು ಎತ್ತಿ ಆಡಿಸಿಯೂ ಗೊತ್ತಿರಲಿಲ್ಲ. ಆದರೂ ಅವರ ಆರೈಕೆ ಹೇಗಿರಬೇಕೆಂದು ಅಳೆಯುವ ಹಾಳೆಯೊಂದು ನನ್ನ ಚೀಲದಲ್ಲಿರುತ್ತಿತ್ತು.

ಖಾನಾಪುರದಾಚೆಯ ಒಂದು ಬಾಲವಾಡಿ ಆ ಹಾಳೆಯ ಪ್ರಕಾರ ಪಾಸಾಗುವಂಥದ್ದಲ್ಲ. ಗೋಡೆಯ ಮೇಲೆ ಚಿತ್ರಗಳಿಲ್ಲ. ಆಟಿಕೆ ಎಂದರೆ ಹುಣಸೆಬೀಜ, ತೆಂಗಿನ ಚಿಪ್ಪು, ಒಂದು ಮುರುಕು ತಕ್ಕಡಿ. ನಡೆಸುತ್ತಿದ್ದವರು ನಾಲ್ಕನೆಯ ಇಯತ್ತೆ ಓದಿದ, ನಡುವಯಸ್ಸಿನ ವಿಧವೆ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ಆದರೆ ಬೇರೆ ಕಡೆ ನನ್ನನ್ನು ಕಂಡೊಡನೆ ಅಳುವ ಮಕ್ಕಳು ಇಲ್ಲಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ತಮ್ಮ ಆಟಕ್ಕೆ ಬಾಗುತ್ತಿದ್ದವು. ಯಾಕೆ ಹೀಗೆ ಎಂದು ಕುತೂಹಲವಾಗಿ, ಕೆಲಸ ಮುಗಿದರೂ ಕೂತು ನೋಡತೊಡಗಿದೆ.

ಮೂರನೆಯ ಸಲ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾಲ್ಕು ವರ್ಷದ ಹುಡುಗಿಯೊಬ್ಬಳ ಬಲಕ್ಕೇ ಅಕ್ಕೋರು ಕೂಡುತ್ತಿದ್ದರು. ಅವಳು ತಿರುಗಿ ಕೂತರೆ ಇವರೂ ಎದ್ದು ಸುತ್ತಿ ಬರುತ್ತಿದ್ದರು. ಹುಡುಗಿಗೆ ಮಾತಿರಲಿಲ್ಲ. ಮನೆಮಾತು ಮರಾಠಿ. ತಾಯಿ 'ಮುಕೀ' ಎಂದು, ಅಂದರೆ ಮೂಗಿ ಎಂದು, ಆಸೆ ಬಿಟ್ಟಿದ್ದಳು.

"ಯಾಕ್ರಿ ಅಕ್ಕಾರ, ಯಾವಾಗ್ಲೂ ಆ ಬಾಜೂನ ಕುಂದರ್ತೀರಿ?" ಎಂದು ಕೇಳಿದೆ.

"ಎಡಕ್ಕ ಕರದ್ರ ತಿರಗೂದಿಲ್ರಿ ಬಾಯಾರ. ಬಲಕ್ಕ ಜೋರ್ ಕರದ್ರ ತಿರಗತಾಳ. ನೀವ ನೋಡ್ರಿ."

ಎಡಕ್ಕೆ ನಿಂತು ಚಪ್ಪಾಳೆ ತಟ್ಟಿದೆ. ಉಳಿದ ಮಕ್ಕಳೆಲ್ಲ ನೋಡಿದರು, ಅವಳು ನೋಡಲಿಲ್ಲ. ಬಲಕ್ಕೆ ಬಂದು ತಟ್ಟಿದೆ. ಬೀಜ ಜೋಡಿಸುತ್ತಿದ್ದ ಬೆರಳು ನಿಂತವು. ತಿರುಗಿ ನನ್ನ ಅಂಗೈಗಳನ್ನೇ ದಿಟ್ಟಿಸಿದಳು.

"ಮೂಗಿ ಅಲ್ರಿ ಆಕಿ. ಕೇಳಸೂದಿಲ್ಲ, ಅದಕ್ಕ ಮಾತಾಡೂದಿಲ್ಲ. ಕಿವಿ ಸೋರ್ತಾವ. ಅವರವ್ವಗ ಹೇಳೀನಿ, ಬೆಳಗಾವಿ ದವಾಖಾನಿ ಅಂದ್ರ ಅಂಜತಾಳ."

ಹಿಂದಿನ ಎರಡು ವರದಿಗಳಲ್ಲಿ ನಾನು ಆ ಹುಡುಗಿಯ ಎದುರು 'ಮಂದಬುದ್ಧಿ' ಎಂದು ಬರೆದಿದ್ದೆ. ಅದನ್ನು ಅಕ್ಕೋರಿಗೆ ಹೇಳುವ ಧೈರ್ಯ ಅಂದು ಬರಲಿಲ್ಲ.

ಮುಂದಿನ ವಾರ ತಾಯಿ, ಮಗಳು, ಅಕ್ಕೋರು ಮೂವರನ್ನೂ ಬೆಳಗಾವಿಗೆ ಕರೆದುಕೊಂಡು ಹೋದೆ. ಎರಡೂ ಕಿವಿಗಳಲ್ಲಿ ಕೀವು ತುಂಬಿತ್ತು. ಎಡಗಿವಿ ಕೆಟ್ಟೇಹೋಗಿದೆ, ಬಲಗಿವಿ ಗುಣವಾದೀತು ಎಂದರು ಡಾಕ್ಟರು. ದಿನಾ ಔಷಧ ಬಿಡುವ ಕೆಲಸ ಅಕ್ಕೋರದು. ಹುಡುಗಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ, "ನನಗೂ ಹಾಕ್ರಿ" ಎಂದು ಉಳಿದವರೂ ಸಾಲು ನಿಲ್ಲುತ್ತಿದ್ದರು. ಅಕ್ಕೋರು ಯಾರನ್ನೂ ಗದರದೆ, ಒಬ್ಬೊಬ್ಬರನ್ನೇ ಮಲಗಿಸಿ, ಸೆರಗಿನ ತುದಿಯಿಂದ ಕಿವಿ ಒರೆಸಿ ಏಳಿಸುತ್ತಿದ್ದರು. ಇದನ್ನು ಬರೆಯಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

ಮಾತು ಬಂದರೆ ಮನೆಯ ಮರಾಠಿಯಲ್ಲಿ ಬಂದೀತೋ ಬಾಲವಾಡಿಯ ಕನ್ನಡದಲ್ಲಿ ಬಂದೀತೋ ಎಂಬುದು ನಮಗೆಲ್ಲ ದೊಡ್ಡ ಪ್ರಶ್ನೆಯಾಯಿತು. ಏಳೆಂಟು ತಿಂಗಳ ನಂತರ ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ಬೆಳಕಿಗೆ ಅಡ್ಡ ನಿಂತಿದ್ದೆ. ಆ ಹುಡುಗಿ ಎದ್ದು ಬಂದು ನನ್ನ ಸೀರೆ ಜಗ್ಗಿ, "ಸರ!" ಎಂದಳು.

"ಕೇಳಿದ್ರೇನು? ಕನ್ನಡ ಆತು!" ಎಂದರು ಅಕ್ಕೋರು.

ಸಂಜೆ ಕರೆದೊಯ್ಯಲು ಬಂದ ತಾಯಿ ಒಪ್ಪಲೇ ಇಲ್ಲ. ಮರಾಠಿಯಲ್ಲೂ ಸರಿದು ನಿಲ್ಲು ಎನ್ನುವುದಕ್ಕೆ ಅದೇ ಮಾತು. ಇಬ್ಬರೂ ವಾದಿಸುತ್ತ ನನ್ನ ಕಡೆ ನೋಡಿದರು. ನಾನು ಸುತ್ತಿ ಬಂದು ಹುಡುಗಿಯ ಬಲಕ್ಕೆ ಕೂತೆ.