ಗೋಡೆಯಿಂದ ಮಾತಾಡುವ ಮಗ

ಮುಂಬೈ ಪಕ್ಕದ ಠಾಣೆಯ ನಮ್ಮ ಕಟ್ಟಡದಲ್ಲಿ ಶಾಂತಮ್ಮ ನನ್ನ ಎದುರುಮನೆಯವರಾಗಿದ್ದರು. ಮೈಸೂರಿನವರು. ಸೊಸೆ ಸ್ಪಂದನಾ ಮತ್ತೆ ಕೆಲಸಕ್ಕೆ ಹೊರಟಾಗ, ಮೂರು ವರ್ಷದ ಮೊಮ್ಮಗಳು ಚಿನ್ನುವನ್ನು ನೋಡಿಕೊಳ್ಳಲು ಮಗ ಸುಪ್ರೀತ್ ಕರೆಸಿಕೊಂಡಿದ್ದ. ಗಂಡ ಹೋದ ಮೇಲೆ ಶಾಂತಮ್ಮನಿಗೆ ಬೇಕೆನಿಸಿದ್ದು ಅದೊಂದೇ: ಆ ಮಗುವನ್ನು ತಮ್ಮ ಕೈಯಾರೆ ಬೆಳೆಸುವುದು.

ಸುಪ್ರೀತನಿಗೆ ಹತ್ತಿರದ ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ದೀಪಾವಳಿಗೆ ಮಕ್ಕಳು ತಾಯಿಗೆ ಸೀರೆ ತರುತ್ತಾರೆ. 2016ರ ದೀಪಾವಳಿಗೆ ಈ ಮಹಾರಾಯ ಕ್ಯಾಮೆರಾ ತಂದ. ಅಡುಗೆಮನೆಯೂ ಕಾಣುವ ಹಾಗೆ ಅದನ್ನು ಹಾಲ್‌ನ ಗೋಡೆಗೆ ಹಾಕಿಸಿದ. ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಮನೆ ನೋಡಬಹುದು, ಮಾತೂ ಆಡಬಹುದು. "ನಿನ್ನ ಸೇಫ್ಟಿಗೇ ಅಮ್ಮ" ಎಂದ. ಸೇಫ್ಟಿಯಂತೆ, ಸೇಫ್ಟಿ!

ಮನೆಗೆ ಬಂದರೆ ತಾಯಿಯ ಜತೆ ನಾಲ್ಕು ಮಾತಾಡದವನು ಗೋಡೆಯಿಂದ ದಿನವಿಡೀ ಮಾತಾಡತೊಡಗಿದ. "ಅಮ್ಮ, ಮಗೂಗೆ ಉಪ್ಪಿನಕಾಯಿ ಕೊಡ್ಬೇಡ." "ಅಮ್ಮ, ಟಿವಿ ಆಫ್ ಮಾಡು." ಶಾಂತಮ್ಮ ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ತಿರುಗಿ "ಆಯ್ತಪ್ಪ" ಎನ್ನುತ್ತಿದ್ದರು. ತಲೆ ಬಾಚಿಕೊಳ್ಳಬೇಕಾದರೂ ಬಚ್ಚಲಿಗೆ ಹೋಗುತ್ತಿದ್ದರು. ನೋಡಿ ನನ್ನ ಮೈ ಉರಿಯುತ್ತಿತ್ತು.

ಒಂದು ಅಮಾವಾಸ್ಯೆಯ ಸಂಜೆ. ಹಿಂದಿನ ದಿನ ಯಾರದೋ ಹುಟ್ಟುಹಬ್ಬಕ್ಕೆ ಹೊಸ ಫ್ರಾಕ್ ಹಾಕಿಕೊಂಡು ಹೋಗಿಬಂದಾಗಿನಿಂದ ಚಿನ್ನು ಊಟ ಬಿಟ್ಟು ರಚ್ಚೆ ಹಿಡಿದಿತ್ತು. ಶಾಂತಮ್ಮ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ, ಒಲೆಯ ಮೇಲೆ ಕಾದಿದ್ದ ಬಾಣಲೆಗೆ ಹಾಕಿದರು. ಹೊಗೆ ಎದ್ದಿತು. ಗೋಡೆ ಕೂಗಿತು: "ಏನಮ್ಮ ಅದು ಹೊಗೆ? ಅಮ್ಮಾ?"

ದೃಷ್ಟಿ ತೆಗೆಯುವವರು ಎಲ್ಲ ಮುಗಿದು ಕೈಕಾಲು ತೊಳೆಯುವ ತನಕ ಬಾಯಿ ಬಿಡಬಾರದು. ನಮ್ಮ ಕಡೆ ಇದು ಯಾರಿಗೆ ಗೊತ್ತಿಲ್ಲ? ಶಾಂತಮ್ಮ ಉತ್ತರ ಕೊಡಲಿಲ್ಲ. ನಾನೂ ಅಲ್ಲೇ, ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತಿದ್ದೆ. ನಾನಾದರೂ ಹೇಳಬಹುದಿತ್ತು. ಕೂಗಿಕೊಳ್ಳಲಿ, ಸ್ವಲ್ಪ ಬೆವರಲಿ ಎಂದು ಸುಮ್ಮನಿದ್ದೆ. ಆ ತಪ್ಪು ನನ್ನದು.

ಐದು ನಿಮಿಷದಲ್ಲಿ, ಸುಪ್ರೀತನ ಫೋನ್ ಹೋಗಿ, ಕೆಳಗಿನ ವಾಚ್‌ಮನ್‌ಗಳಿಬ್ಬರು ನುಗ್ಗಿದರು. "ಆಜೀ, ಹಟೋ!" ಎಂದು ಶಾಂತಮ್ಮನನ್ನು ಪಕ್ಕಕ್ಕೆ ಸರಿಸಿದವರೇ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಿರುಗಿಸಿದರು. ಒಲೆ, ಬಾಣಲೆ, ಸಾರು, ಶಾಂತಮ್ಮ, ಎಲ್ಲದರ ಮೇಲೂ ಬಿಳಿ ಪುಡಿ. ಚಿನ್ನು ಹೆದರಿ ನನ್ನ ಮಡಿಲಲ್ಲಿ ಮುಖ ಹುದುಗಿಸಿತು.

ಸುಪ್ರೀತ್ ಟ್ಯಾಕ್ಸಿ ಹಿಡಿದು ಬಂದ. ತಾಯಿಯ ತಲೆಗೂದಲಲ್ಲಿ ಇನ್ನೂ ಪುಡಿಯಿತ್ತು. "ಮಾತಾಡೋಕೆ ಏನಾಗಿತ್ತು ನಿಂಗೆ?" ಎಂದ.

"ಮಗೂಗೆ ದೃಷ್ಟಿ ತೆಗೀತಿದ್ದೆ ಕಣೋ."

"ಈ ಕಾಲದಲ್ಲಿ ಯಾರಮ್ಮ ಇದನ್ನೆಲ್ಲ ಮಾಡ್ತಾರೆ?"

ಇಂಜಿನಿಯರಿಂಗ್ ಸೀಟು ಸಿಕ್ಕಿದ ದಿನವೂ ಇದೇ ತಾಯಿಯ ಎದುರು ಕೂತು ನಿವಾಳಿಸಿಕೊಂಡವನು ಇವನು. ಅವತ್ತು ಅವರು ಮಾತಾಡಿರಲಿಲ್ಲ ಎಂಬುದು ಇವನಿಗೆ ನೆನಪಿರಲಿಲ್ಲ. ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಕೂಡಲೇ ಕ್ಷಮೆ ಕೇಳಿದ: ನಮ್ಮ ತಾಯಿ ಹಳೇ ಕಾಲದವರು, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ನಾನು ಅವನಿಗೆ ಎಲ್ಲ ವಿವರಿಸಿದೆ. "ಇರಲಿ ಬಿಡಿ ಆಂಟಿ" ಎಂದ. ಮುಂದಿನ ತಿಂಗಳಿಂದ ಚಿನ್ನು ಡೇಕೇರಿಗೆ ಎಂದು ಗಂಡ ಹೆಂಡತಿ ನಿರ್ಧರಿಸಿದರು. ಅಲ್ಲಿ ಪ್ರತಿ ಕೋಣೆಯಲ್ಲೂ ಕ್ಯಾಮೆರಾ ಇದೆಯಂತೆ.

ಶಾಂತಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಮೈಸೂರಿನ ತಂಗಿಯ ಮನೆಗೆ ಹೊರಟರು. ರೈಲು ಹತ್ತಿಸಲು ಕಲ್ಯಾಣ್ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಕಿಟಕಿಯ ಹೊರಗೆ ನಿಂತು ಸುಪ್ರೀತ್ ಹೇಳಿದ: "ಚಿಕ್ಕಮ್ಮನ ಮನೆಗೂ ಒಂದು ಕ್ಯಾಮೆರಾ ಕಳಿಸ್ತೀನಮ್ಮ. ನಿನ್ನ ನೋಡ್ತಾ ಇರ್ಬಹುದು."

ಈ ಸಲ ಅವರು "ಆಯ್ತಪ್ಪ" ಎನ್ನಲಿಲ್ಲ.

"ಬೇಡ. ನನ್ನ ನೋಡ್ಬೇಕು ಅನ್ನಿಸಿದ್ರೆ ರೈಲು ಹತ್ತಿ ಬಾ."

ಅವನು ಮೊಬೈಲ್ ನೋಡುತ್ತಲೇ ತಲೆಯಾಡಿಸಿದ. ಇದಾಗಿ ಎರಡು ವರ್ಷವಾಯಿತು. ಅವನಿಗೆ ಇನ್ನೂ ಹಾಗೆ ಅನ್ನಿಸಿಲ್ಲ.