ಗಿರಣಿ ಪಟ್ಟಾದ ಉಡಚವ್ವ

ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುವುದು ಅಕ್ಕಿಆಲೂರಿನ ಉಡಚವ್ವನ ಕಸುಬು. ಗಂಡ ತೀರಿದ ಮೇಲೂ ಅದರಿಂದಲೇ ಮನೆ ನಡೆಸಿದ್ದಳು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಾವಿಗಳಿಗೆಲ್ಲ ಕರೆಂಟಿನ ಪಂಪು ಬಂದು, ಚೀಲ ಕೇಳುವವರೇ ಇಲ್ಲವಾದರು.

"ಇನ್ನ ಕೂಲಿಗೆ ಹೋಗೂದ ಗತಿ, ಅಕ್ಕಾ," ಎಂದ ತಮ್ಮ ನೀಲಪ್ಪ.

"ಹೊಲಿಯೂ ಕೈ ಐತಿ, ಯಾಕ ಹೋಗ್ಲಿ?" ಎಂದವಳು ಅಕ್ಕಿ ಗಿರಣಿಗಳ ಕಡೆ ನಡೆದಳು. ಅಲ್ಲಿ ಯಂತ್ರ ತಿರುಗಿಸುವ ತೊಗಲಿನ ಪಟ್ಟಾಗಳು ಆಗಾಗ ಹರಿಯುತ್ತಿದ್ದವು.

ಸುಗ್ಗಿಯಲ್ಲಿ ಮಹಾಲಿಂಗಪ್ಪನವರ ಗಿರಣಿ ಪಟ್ಟಾ ಹರಿದು ನಿಂತಿತು. ಭತ್ತದ ಚಕ್ಕಡಿಗಳು ಬೀದಿ ತುಂಬಿದ್ದವು. ಅವರು ಉಡಚವ್ವನನ್ನು ಕರೆಸಿ, ಪಟ್ಟಾವನ್ನು ಅಂಗಳಕ್ಕೆ ಎಸೆಸಿ, "ಅಲ್ಲೇ ಕುಂತು ಹೊಲಿ. ನಿಮ್ಮ ಮಂದಿ ಒಳಗ ಬರೂ ಹಂಗಿಲ್ಲ," ಎಂದರು.

ಉಡಚವ್ವ ಅದನ್ನು ಮುಟ್ಟಲಿಲ್ಲ. "ಗಾಲಿಗೆ ಹಾಕಿ, ಬಿಗಿ ನೋಡಿ ಹೊಲೀಬೇಕ್ರಿ. ಒಳಗ ಕರದ್ರ ಹೊಲಿತೇನಿ, ಇಲ್ಲಂದ್ರ ಮನಿಗೆ ಹೋಗ್ತೇನಿ."

ಚಕ್ಕಡಿಯವರು ಗೊಣಗತೊಡಗಿದರು. ಕೊನೆಗೆ ಮಹಾಲಿಂಗಪ್ಪ ಮುಖ ತಿರುಗಿಸಿಕೊಂಡು, "ಬಾ," ಎಂದರು. ತಲೆಯೆತ್ತಿಕೊಂಡೇ ಹೊಸ್ತಿಲು ದಾಟಿದ ಉಡಚವ್ವ ಸಂಜೆಯೊಳಗೆ ಗಿರಣಿ ಓಡುವಂತೆ ಮಾಡಿದಳು.

ಮುಂದೆ ರಬ್ಬರಿನ ಪಟ್ಟಾಗಳು ಬಂದವು. ಅವಕ್ಕೆ ಕಬ್ಬಿಣದ ಕೊಂಡಿ ಜೋಡಿಸುವುದನ್ನೂ ಕಲಿತು, ಹಾನಗಲ್ಲಿನ ಗಿರಣಿಗಳಿಗೂ ಬಸ್ಸು ಹತ್ತಿ ಹೋಗತೊಡಗಿದಳು. ಕರೆಯಲು ಬಂದವರನ್ನು ಮಾತ್ರ ಮೊದಲೇ ಕೇಳುತ್ತಿದ್ದಳು: "ಒಳಗ ಬಿಡ್ತೀರೇನ್ರಿ?"